ಜಗಲಿಯಲ್ಲಿ ಪತ್ತೇದಾರಿ ಓದಿದ ಶರೀಫಾ

ಶರೀಫಾಳ ಪ್ರಕಾರ ಪತ್ತೇದಾರಿ ಕಾದಂಬರಿಗಳಲ್ಲಿ ಯಾರಿಗೂ ಹಸಿವಾಗುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹೆಣ ಸಿಗುತ್ತದೆ, ಮಧ್ಯಾಹ್ನ ಇನ್‌ಸ್ಪೆಕ್ಟರು ಬಂದು ಮೇಜು ಗುದ್ದುತ್ತಾನೆ, ಸಂಜೆ ಕಾರಿನಲ್ಲಿ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುತ್ತಾರೆ. ಇಷ್ಟರ ನಡುವೆ ಒಬ್ಬನಾದರೂ ಗಂಜಿ ಉಂಡದ್ದನ್ನು ಅವಳು ಕಂಡಿಲ್ಲ. ಕಾಫಿ ಮಾತ್ರ ಕುಡಿಯುತ್ತಾರೆ, ಅದನ್ನೂ ಅರ್ಧಕ್ಕೇ ಬಿಟ್ಟು ಓಡುತ್ತಾರೆ. ಉಯಿಲು ಬರೆದ ಮುದುಕ ಮೂರನೆಯ ಅಧ್ಯಾಯ ದಾಟುವುದಿಲ್ಲ. ಪತ್ತೇದಾರನಿಗೆ ಸಿಗರೇಟು ಹಚ್ಚದೆ ತಲೆ ಓಡುವುದಿಲ್ಲ.

"ಒಬ್ಬನಾದರೂ ಬೀಡಿ ಸೇದುವ ಪತ್ತೇದಾರ ಇಲ್ವಾ?" ಎಂದು ನಾನು ಕೇಳಿದ್ದೆ.

"ಇಲ್ಲ ಬಾಯಮ್ಮ. ಬೀಡಿ ಸೇದುವವನನ್ನು ಎರಡನೇ ಪುಟದಲ್ಲೇ ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ. ಅವನು ಕೊಲೆಗಾರ ಅಲ್ಲ ಅಂತ ಕೊನೆಗೆ ಗೊತ್ತಾಗುತ್ತದೆ. ಅಷ್ಟರಲ್ಲಿ ಅವನಿಗೆ ಬೇಕಾದಷ್ಟು ಪೆಟ್ಟು ಬಿದ್ದಾಗಿರುತ್ತದೆ."

ಇದು ನಮಗೆ ಬೇಸರದ ವಿಷಯವೇ ಆಗಿತ್ತು, ಯಾಕೆಂದರೆ ನಮ್ಮ ಜಗಲಿಯಲ್ಲಿ ಕೂತವರೆಲ್ಲ ಬೀಡಿ ಕಟ್ಟುವವರು. ಕಾಪುವಿನ ದೀಪಸ್ತಂಭದ ಕಡೆ ಹೋಗುವ ದಾರಿಯಲ್ಲಿ ನನ್ನ ಮನೆ. ಕ್ರಿಸ್ತಾನ ಹೆಂಗಸಾದ್ದರಿಂದ ಊರಿನ ಹುಡುಗಿಯರಿಗೆ ನಾನು ಬಾಯಮ್ಮ. ಗಂಡ ಬೊಂಬಾಯಿಯ ಹಡಗಿನಲ್ಲಿ ಅಡುಗೆಗೆ ಹೋಗಿದ್ದ, ಬರುತ್ತಿದ್ದದ್ದು ವರ್ಷಕ್ಕೊಮ್ಮೆ. ಜಗಲಿ ಉದ್ದ, ಗಾಳಿ ಚೆನ್ನಾಗಿ ಬರುತ್ತಿತ್ತು. ಹಾಗಾಗಿ ಊಟ ಮುಗಿದ ಮೇಲೆ ನೆರೆಯ ಹೆಂಗಸರೆಲ್ಲ ತಮ್ಮ ತಮ್ಮ ತಡ್ಪೆ ಹಿಡಿದುಕೊಂಡು ನನ್ನಲ್ಲಿಗೇ ಬಂದು ಸೇರುತ್ತಿದ್ದರು. ತಡ್ಪೆ ಎಂದರೆ ಅಕ್ಕಿ ಗೇರುವ ಗೆರಸೆ. ಅದನ್ನು ಮಡಿಲಲ್ಲಿಟ್ಟುಕೊಂಡು, ಕತ್ತರಿಸಿದ ಎಲೆ ಒಂದು ಬದಿಗೆ, ಹೊಗೆಸೊಪ್ಪಿನ ಪುಡಿ ಇನ್ನೊಂದು ಬದಿಗೆ ಹಾಕಿಕೊಂಡು ಕೂತರೆ ಹೊತ್ತು ಮುಳುಗುವವರೆಗೆ ಏಳುವ ಹಾಗಿಲ್ಲ.

ಶರೀಫಾ ಮಾತ್ರ ಬೀಡಿ ಕಟ್ಟುತ್ತಿರಲಿಲ್ಲ. ಚಿಕ್ಕವಳಿದ್ದಾಗ ರುಬ್ಬುವ ಕಲ್ಲಿನ ಗುಂಡು ಬಿದ್ದು ಬಲಗೈಯ ಹೆಬ್ಬೆರಳು ಜಜ್ಜಿಹೋಗಿತ್ತು. ಬೆರಳು ಉಳಿಯಿತು, ಮಡಚಲು ಬಾರದು. ಬೀಡಿ ಸುರುಳುವುದೆಂದರೆ ಪೂರಾ ಹೆಬ್ಬೆರಳಿನ ಕೆಲಸ. ಅವಳು ಕಟ್ಟಿದ ಬೀಡಿ ನೂಲು ಸುತ್ತುವ ಮೊದಲೇ ಬಿಚ್ಚಿಕೊಂಡು ಎಲೆ ಎಲೆಯಾಗಿ ಬಿಡುತ್ತಿತ್ತು. ನಮ್ಮ ಕಡೆ ಆ ಕಾಲಕ್ಕೆ ಹುಡುಗಿ ನೋಡಲು ಬಂದವರು ಮೊದಲು ಕೇಳುತ್ತಿದ್ದದ್ದೇ ಬೀಡಿ ಎಷ್ಟು ಕಟ್ಟುತ್ತಾಳೆ ಎಂದು. ಅವಳ ತಾಯಿ ಆಮಿನಮ್ಮ ಗಂಡ ಸತ್ತವಳು, ಇರುವುದು ಒಬ್ಬಳೇ ಮಗಳು, ಆ ಮಗಳ ಬೆರಳು ಹೀಗೆ. ಆಮಿನಮ್ಮ ನಗುವುದನ್ನು ನಾನು ಹೆಚ್ಚು ನೋಡಿಲ್ಲ.

ಆದರೆ ಶರೀಫಾ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದ್ದಳು. ಎಪ್ಪತ್ತೇಳನೇ ಇಸವಿಯ ಹೊತ್ತಿಗೆ ನನ್ನ ಅಕ್ಕನ ಮಗ ಲೂಯಿಸ್ ಪೇಟೆಯಲ್ಲಿ ಅಂಗಡಿ ಇಟ್ಟಿದ್ದ. ಶಾಯಿ, ಪೆನ್ಸಿಲು ಮಾರುವುದರ ಜೊತೆಗೆ ಉಡುಪಿಯಿಂದ ಕಾದಂಬರಿ ತಂದು ಬಾಡಿಗೆಗೆ ಕೊಡುತ್ತಿದ್ದ. ರಟ್ಟು ಕಿತ್ತುಹೋದವನ್ನು ಯಾರೂ ಒಯ್ಯುವುದಿಲ್ಲವೆಂದು ನನ್ನ ಮನೆಯಲ್ಲಿ ತಂದು ಹಾಕುತ್ತಿದ್ದ. ಇಗರ್ಜಿಯ ಪತ್ರಿಕೆ ಬಿಟ್ಟರೆ ಬೇರೆ ಓದದ ನಾನು ಅವುಗಳ ಮೇಲೆ ಉಪ್ಪಿನಕಾಯಿ ಭರಣಿ ಇಡುತ್ತಿದ್ದೆ. ಒಂದು ದಿನ ಶರೀಫಾ ಭರಣಿ ಕೆಳಗಿಳಿಸಿ ಪುಸ್ತಕ ತೆಗೆದು ಓದತೊಡಗಿದಳು. ಪಕ್ಕದ ಮನೆಯ ಅಪ್ಪಿ ಪೂಜಾರ್ತಿ, "ಮನಸ್ಸಿನಲ್ಲೇ ಓದಿದರೆ ನಮಗೆ ಎಂತ ಲಾಭ? ದೊಡ್ಡದಾಗಿ ಓದು" ಅಂದಳು. ಅಪ್ಪಿಗೆ ಅಕ್ಷರ ಬಾರದು, ಆದರೆ ಇನ್ನೊಬ್ಬರ ಮನೆಯಲ್ಲಿ ಏನು ನಡೆಯಿತೆಂದು ತಿಳಿಯುವ ಹಂಬಲ ಅವಳಿಗೆ ಇದ್ದಷ್ಟು ನಾನು ಯಾರಲ್ಲೂ ಕಂಡಿಲ್ಲ. ಕಾದಂಬರಿ ಇರುವುದೇ ಅದಕ್ಕಲ್ಲವೇ.

ಶುರುವಾದದ್ದು ಹಾಗೆ. ಶರೀಫಾ ಕನ್ನಡದಲ್ಲಿ ಓದುತ್ತಿದ್ದಳು, ಕಷ್ಟದ ಮಾತು ಬಂದರೆ ತುಳುವಿನಲ್ಲಿ ಹೇಳಿ ಮುಂದೆ ಹೋಗುತ್ತಿದ್ದಳು. ಸಂಜೆ ಏಳುವಾಗ ಪ್ರತಿಯೊಬ್ಬಳೂ ತಾನು ಕಟ್ಟಿದ್ದರಲ್ಲಿ ಒಂದು ಕಟ್ಟು ಬೀಡಿಯನ್ನು ತೆಗೆದು ಶರೀಫಾಳ ಮಡಿಲಿಗೆ ಹಾಕುವುದು ರೂಢಿಯಾಯಿತು. ಓದುವವಳಿಗೆ ಕೈ ಬಿಡುವಿಲ್ಲ, ಆದ್ದರಿಂದ ಕೇಳುವವರು ಅವಳ ಪಾಲಿನದ್ದು ಕಟ್ಟಿಕೊಡುವುದು. ಅವು ಆಮಿನಮ್ಮನ ಲೆಕ್ಕದ ಕಾರ್ಡಿಗೆ ಸೇರಿ ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗುತ್ತಿದ್ದವು.

ಮಡಿಲಿಗೆ ಹಾಕದವಳು ಆಮಿನಮ್ಮ ಒಬ್ಬಳೇ. "ಎಲ್ಲ ಒಂದೇ ಮನೆಗೆ ಬರುವುದಲ್ವಾ, ನಾನು ಯಾಕೆ ಹಾಕುವುದು?" ಎಂದು ಅವಳು ಹೇಳುತ್ತಿದ್ದಳು. ನಿಜ ಅದಲ್ಲವೆಂದು ನನಗೆ ಗೊತ್ತು. ಮಗಳು ನೆರೆಯವರ ಕೈದುಡಿಮೆ ಎತ್ತಿಕೊಂಡು ತಿನ್ನುತ್ತಿದ್ದಾಳೆ, ಇದು ಕೂಲಿಯಲ್ಲ, ದಾನ ಎಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಹಾಗೆ ಕೂತದ್ದನ್ನು ಎಬ್ಬಿಸಲು ನನ್ನಿಂದ ಆಗಲಿಲ್ಲ. ಒಂದೆರಡು ಸಲ ಜಗಳ ಮಾಡಿಯೂ ನೋಡಿದೆ.

ಶರೀಫಾ ಸಾಹಿತ್ಯ ತಿಳಿದವಳೇನಲ್ಲ. ಯಾವ ಪತ್ತೇದಾರನ ಹೆಸರು ಯಾವುದು ಎಂದು ಕೇಳಿದರೆ ತಲೆ ತುರಿಸಿಕೊಳ್ಳುತ್ತಿದ್ದಳು. ಎಲ್ಲರೂ ಎತ್ತರ, ಎಲ್ಲರಿಗೂ ಚೂಪು ಮೂಗು. "ಓದಿ ಮುಗಿಸಿದರೆ ಮನಸ್ಸಿನಲ್ಲಿ ಎಂತದೂ ಉಳಿಯುವುದಿಲ್ಲ ಬಾಯಮ್ಮ. ಬಿಸಿಲಿನಲ್ಲಿ ಬಂದು ಮಜ್ಜಿಗೆ ಕುಡಿದ ಹಾಗೆ. ಆ ಹೊತ್ತಿಗೆ ತಂಪು" ಎನ್ನುತ್ತಿದ್ದಳು. ಪ್ರೇಮ ಕಾದಂಬರಿಗಳನ್ನೂ ಓದುತ್ತಿದ್ದಳು, ಆದರೆ ಅವುಗಳ ಮೇಲೆ ಅಷ್ಟು ನಂಬಿಕೆಯಿಲ್ಲ. ನಾಯಕನ ಕಾರು ಕೆಡುವುದು ಮಳೆಯಲ್ಲೇ, ಅದೂ ನಾಯಕಿಯ ಮನೆಯ ಎದುರೇ. ಅಂಥ ಕಾರನ್ನು ಕೊಟ್ಟವನ ಮೇಲೆ ಕೇಸು ಹಾಕಬೇಕು ಎನ್ನುವುದು ಅವಳ ಅಭಿಪ್ರಾಯ. ಪತ್ತೇದಾರಿಯಲ್ಲಿ ಮಾತ್ರ ಒಂದು ನ್ಯಾಯ ಉಂಟು ಎನ್ನುತ್ತಿದ್ದಳು. ಎಷ್ಟೇ ಗಲಿಬಿಲಿಯಾದರೂ ಕೊನೆಯ ಪುಟದಲ್ಲಿ ಯಾರು ಮಾಡಿದರು, ಯಾಕೆ ಮಾಡಿದರು ಎಂದು ಯಾರಾದರೂ ಕೂತು ಹೇಳುತ್ತಾರೆ. ನಮ್ಮ ನಮ್ಮ ಮನೆಗಳಲ್ಲಿ ಹಾಗೆ ಹೇಳುವವರಿಲ್ಲ. ಇನ್ನೊಂದು ವಿಷಯ ಅವಳು ಕಂಡುಕೊಂಡದ್ದು: ಕೊಲೆಗಾರ ಹೊರಗಿನಿಂದ ಬರುವುದಿಲ್ಲ. ಯಾವಾಗಲೂ ಹತ್ತಿರ ಕೂತವನೇ, ಎಲ್ಲರಿಗೂ ಬೇಕಾದವನೇ.

ಅವಳಿಗೆ ಒಂದು ಕಲೆ ಇತ್ತು. ಬಾಗಿಲು ಮೆಲ್ಲನೆ ತೆರೆಯಿತು ಎಂದು ಓದಿ ಸುಮ್ಮನಾಗಿಬಿಡುವಳು. ನಾವು ಉಸಿರು ಹಿಡಿದು ಕೂತಿರುತ್ತಿದ್ದೆವು. "ಮತ್ತೆ? ಮತ್ತೆ ಎಂತ ಆಯಿತು ಮಾರಾಯ್ತಿ?" ಎಂದು ಅಪ್ಪಿ ಅಂಗಲಾಚಿದ ಮೇಲೇ ಮುಂದಿನ ಸಾಲು. ಆ ಗಳಿಗೆಯಲ್ಲಿ ಶರೀಫಾಳ ಮುಖ ನೋಡಬೇಕಿತ್ತು. ಹೆಬ್ಬೆರಳಿನ ಹುಡುಗಿ ಎಂದು ಊರೆಲ್ಲ ಕರೆಯುತ್ತಿದ್ದವಳ ಬಾಯಿಯನ್ನೇ ಇಡೀ ಜಗಲಿ ನೋಡುತ್ತಿತ್ತು.

ತೊಂದರೆ ಬಂದದ್ದು ಬ್ರಾಂಚಿನಿಂದ. ನಾವು ಕಟ್ಟಿದ ಬೀಡಿಯನ್ನು ಪರೀಕ್ಷಿಸಿ ತೆಗೆದುಕೊಳ್ಳುತ್ತಿದ್ದವನು ದೇವದಾಸ. ಕಟ್ಟನ್ನು ಕೈಯಲ್ಲಿ ಹಿಡಿದು ಒಮ್ಮೆ ಅದುಮಿದರೆ ಸಾಕು, ಒಳಗೆ ಯಾವುದು ಬಿಗಿ ಯಾವುದು ಸಡಿಲ ಎಂದು ಹೇಳುವಂಥವನು. ಬಿಗಿಯಾದರೆ ಸೇದಲು ಹೊಗೆ ಬಾರದು, ಸಡಿಲವಾದರೆ ಪುಡಿ ಉದುರುತ್ತದೆ. ಒಂದು ತಿಂಗಳಿಂದ ನಮ್ಮ ಜಗಲಿಯ ಬೀಡಿಯಲ್ಲಿ ಬಿಗಿಯಾದದ್ದು ಹೆಚ್ಚುತ್ತಾ ಬಂದಿತ್ತು. ಒಂದು ಸಂಜೆ ಅವನು ನಮ್ಮ ಕಟ್ಟುಗಳನ್ನೆಲ್ಲ ಹಿಂದಕ್ಕೆ ತಳ್ಳಿದ.

"ಕ್ಲಾರಾ ಬಾಯಿ, ಇದು ಬೀಡಿಯಾ ಕತ್ತು ಹಿಸುಕಿದ್ದಾ? ನಿಮ್ಮ ಜಗಲಿಯಲ್ಲಿ ಎಂತ ನಡೆಯುತ್ತಾ ಉಂಟು ಅಂತ ನನಗೆ ಗೊತ್ತು. ಕೊಲೆ ಕತೆ ಕೇಳುತ್ತಾ ಕಟ್ಟಿದರೆ ಹೀಗೇ ಆಗುವುದು. ನಾಳೆಯಿಂದ ಆ ಓದು ನಿಲ್ಲಬೇಕು. ಇಲ್ಲದಿದ್ದರೆ ನಿಮಗೆ ಯಾರಿಗೂ ಎಲೆ ಕೊಡುವುದಿಲ್ಲ."

ಎಲೆ ಇಲ್ಲದಿದ್ದರೆ ಒಲೆಯಿಲ್ಲ. ಓದು ನಿಂತಿತು. ನನಗೆ ಸಿಟ್ಟು ಬಂದು ಮೈ ಉರಿಯಿತು, ಆದರೆ ಅವನು ಹೇಳಿದ್ದು ಸುಳ್ಳೂ ಅಲ್ಲ. ಹಿಂದೆ ಬಂದ ಕಟ್ಟುಗಳನ್ನು ಬಿಸ್ಕುತ್ತಿನ ಹಳೆ ಡಬ್ಬದಲ್ಲಿ ತುಂಬಿ ಅಟ್ಟಕ್ಕೆ ಎಸೆದೆ.

ಓದಿಲ್ಲದ ಜಗಲಿ ಏನಾಯಿತೆಂದು ಹೇಳುವುದು ಬೇಡ. ಯಾರ ಕೋಳಿ ಯಾರ ಗದ್ದೆಗೆ ಹೋಯಿತು ಎಂಬ ಮಾತು ಶುರುವಾಗಿ ಎರಡೇ ದಿನದಲ್ಲಿ ಇಬ್ಬರು ಮಾತು ಬಿಟ್ಟರು. ಆದರೆ ನಿಜವಾಗಿ ಪೆಟ್ಟು ಬಿದ್ದದ್ದು ಶರೀಫಾಳಿಗೆ. ಓದು ಇಲ್ಲದಿದ್ದರೆ ಅವಳ ಮಡಿಲಿಗೆ ಕಟ್ಟು ಬೀಳುವಂತಿಲ್ಲ. ನಾವು ಕೊಡಲು ಹೋದೆವು, ಅವಳೇ ತೆಗೆದುಕೊಳ್ಳಲಿಲ್ಲ. ಆಮಿನಮ್ಮ ಬಜಗೋಳಿಗೆ ಹೇಳಿಕಳಿಸಿದಳು. ಅಲ್ಲಿ ಅವಳ ಅಣ್ಣ ಪುತ್ತುಬ್ಬ ಬ್ಯಾರಿಯ ಜೀನಸು ಅಂಗಡಿ. ಮನೆ ತುಂಬ ಮಕ್ಕಳು, ಹೆಂಡತಿಗೆ ಸೊಂಟನೋವು, ಒಂದು ಆಳು ಬೇಕಿತ್ತು. ಮುಂದಿನ ವಾರ ಬಂದು ಹುಡುಗಿಯನ್ನು ಕರೆದುಕೊಂಡು ಹೋಗುತ್ತೇನೆಂದು ಅವನಿಂದ ಉತ್ತರವೂ ಬಂತು.

ಶರೀಫಾ ನನ್ನ ಹಿತ್ತಲಿನಲ್ಲಿ ಬಾವಿಕಟ್ಟೆಯ ಹತ್ತಿರ ಕೂತು ಅತ್ತಳು. ಅವಳು ಅಳುವವಳಲ್ಲ.

"ಊಟಕ್ಕೆ ಕಡಿಮೆ ಇಲ್ಲ ಬಾಯಮ್ಮ, ಮಾಮ ಒಳ್ಳೆಯವರು. ಆದರೆ ಒಮ್ಮೆ ಹೋದರೆ ನಾನು ಅಲ್ಲಿನ ಅಡುಗೆಮನೆಯವಳೇ. ಅಲ್ಲಿ ಒಂದು ಪುಸ್ತಕ ಇಲ್ಲ. ಚಿಕ್ಕವಳಿದ್ದಾಗ ಹೋಗಿದ್ದೆ, ಮೆಣಸು ಕಟ್ಟುವ ಕಾಗದ ಓದಿ ಓದಿ ದಿನ ಕಳೆದೆ. ಒಂದಕ್ಕೂ ತಲೆ ಇಲ್ಲ, ಬಾಲ ಇಲ್ಲ."

"ಹಾಗಾದರೆ ಹೋಗಬೇಡ."

"ಇಲ್ಲಿ ನಾನು ಎಂತ ಮಾಡಿಕೊಂಡು ಇರುವುದು? ಉಮ್ಮನ ತಡ್ಪೆ ನೋಡಿಕೊಂಡಾ?"

ನಾನು ಬಾವಿಯಿಂದ ಒಂದು ಕೊಡ ನೀರೆತ್ತಿ ಅವಳ ಮುಂದಿಟ್ಟೆ. ಅವಳು ಮುಖ ತೊಳೆದು ಮೂಗು ಒರೆಸಿಕೊಂಡು, "ಬಾಯಮ್ಮ, ಹಾಳಾದ ಬೀಡಿ ಉಂಟಾ? ಬಿಸಾಡಿದಿರಾ?" ಎಂದು ಕೇಳಿದಳು.

ಅಟ್ಟದಿಂದ ಡಬ್ಬ ಇಳಿಸಿ ಕೊಟ್ಟೆ. ಅವಳು ಅದನ್ನು ಚಾಪೆಯ ಮೇಲೆ ಸುರುವಿ ಒಂದೊಂದೇ ಕಟ್ಟು ಬಿಚ್ಚಿದಳು. ಒಂದೊಂದೇ ಬೀಡಿಯನ್ನು ಒಳ್ಳೆಯ ಹೆಬ್ಬೆರಳಿನಿಂದ ಒತ್ತಿ ನೋಡಿ ಬಿಗಿಯಾದದ್ದನ್ನು ಬೇರೆ ಇಟ್ಟಳು. ನನಗೆ ನಗು ಬಂತು. ಸಿಗರೇಟು ಒಂದು ಕಡಿಮೆ, ಬಾಕಿಯೆಲ್ಲ ಪತ್ತೇದಾರನ ಹಾಗೆಯೇ. ಆದರೆ ನೋಡುತ್ತಾ ಹೋದ ಹಾಗೆ ನಗು ನಿಂತಿತು. ಒಂದು ಕಟ್ಟಿನಲ್ಲಿ ಹಾಳಾದದ್ದು ನಾಲ್ಕಾರು ಮಾತ್ರ, ಉಳಿದವು ಚೆನ್ನಾಗಿಯೇ ಇದ್ದವು. ನನ್ನ ಕಟ್ಟಿನಲ್ಲೂ ಹಾಗೆ, ಅಪ್ಪಿಯ ಕಟ್ಟಿನಲ್ಲೂ ಹಾಗೆ.

"ಕೊಲೆ ಕತೆಯಿಂದ ಕೈ ಕೆಡುವುದಾದರೆ ಎಲ್ಲವೂ ಕೆಡಬೇಕಿತ್ತು" ಎಂದಳು ಶರೀಫಾ. "ಕತೆಯಿಡೀ ಕೊಲೆಯದ್ದೇ ಅಲ್ವಾ? ಬಾಯಮ್ಮ, ನೀವು ತಡ್ಪೆ ಹಿಡಿದು ಕೂತುಕೊಳ್ಳಿ. ಕೊನೆಯ ದಿನ ಓದಿದ ಅಧ್ಯಾಯ ಇನ್ನೊಮ್ಮೆ ಹೇಳುತ್ತೇನೆ."

ಓದು ನಿಂತ ಮೇಲೆ ಅದನ್ನೇ ತಿರುಗಿ ತಿರುಗಿ ಓದಿ ಆ ಅಧ್ಯಾಯ ಅವಳಿಗೆ ಬಾಯಿಪಾಠವಾಗಿತ್ತು. ಆದ್ದರಿಂದ ಆ ದಿನ ಮೊದಲ ಬಾರಿಗೆ ಪುಸ್ತಕ ನೋಡದೆ ನನ್ನ ಕೈ ನೋಡುತ್ತಾ ಹೇಳಿದಳು. ಮುದುಕ ಸತ್ತ. ನನ್ನ ಕೈ ನಡೆಯುತ್ತಿತ್ತು. ರಕ್ತ ಹರಿಯಿತು. ಕೈ ನಡೆಯುತ್ತಲೇ ಇತ್ತು. ಬಾಗಿಲು ಮೆಲ್ಲನೆ ತೆರೆಯಿತು ಎಂದು ಹೇಳಿ ಅವಳು ಅಭ್ಯಾಸದಂತೆ ನಿಲ್ಲಿಸಿದಳು. ನನ್ನ ಬೆರಳುಗಳು ಬೀಡಿಯ ಮೇಲೆ ಹಾಗೆಯೇ ನಿಂತವು, ನಿಂತು ಒತ್ತಿದವು. ಆ ಬೀಡಿಯನ್ನು ಅವಳು ನನ್ನ ಕೈಯಿಂದ ತೆಗೆದು ನೋಡಿದಳು. ಕಲ್ಲಿನ ಹಾಗಾಗಿತ್ತು.

ಶರೀಫಾಳ ಮುಖ ಸಣ್ಣದಾಯಿತು. ಆ ಬೀಡಿಯನ್ನು ಹಾಳಾದವುಗಳ ಜೊತೆ ಇಟ್ಟಳು.

"ನಾನೇ ಬಾಯಮ್ಮ" ಎಂದಳು. "ಕತೆ ಅಲ್ಲ, ನಾನು ನಿಲ್ಲಿಸುವುದರಿಂದ ಆಗುವುದು. ಹತ್ತಿರ ಕೂತವರೇ ಅಂತ ಎಷ್ಟು ಸಲ ಹೇಳಿದ್ದೇನೆ ನೋಡಿ."

ಅವಳಿಗೆ ಅದು ಎಷ್ಟು ಪ್ರೀತಿಯ ಜಾಗ ಎಂದು ನನಗೆ ಗೊತ್ತಿತ್ತು. ಇಡೀ ದಿನದಲ್ಲಿ ಅವಳು ದೊಡ್ಡವಳಾಗುತ್ತಿದ್ದದ್ದು ಆ ಮೌನದಲ್ಲೇ. ಅದನ್ನು ಬಿಡಲು ಆಗುತ್ತದೆಯೇ ಎಂದು ಕೇಳಿದೆ. "ಬಜಗೋಳಿಗೆ ಹೋಗುವುದಕ್ಕಿಂತ ಸುಲಭ" ಎಂದು ಡಬ್ಬದ ಮುಚ್ಚಳ ಹಾಕಿದಳು.

ಮರುದಿನ ನಾನೇ ದೇವದಾಸನ ಹತ್ತಿರ ಹೋದೆ. ಅವನಿಗೆ ಪತ್ತೇದಾರಿಕೆಯ ಕತೆಯೆಲ್ಲ ಹೇಳಲಿಲ್ಲ, ಹೇಳಿದ್ದರೆ ನಗುತ್ತಿದ್ದ. ಒಂದು ವಾರ ಓದು ನಡೆಯಲಿ, ಬೀಡಿ ನೋಡಿ, ಮತ್ತೆ ಮಾತಾಡುವ ಎಂದೆ.

"ಒಂದು ವಾರ ನೋಡುವ. ಒಂದು ದಿನ ಕೆಟ್ಟರೂ ನಿಮ್ಮ ಜಗಲಿಗೆ ಎಲೆ ಬಂದ್" ಎಂದ. ಮನುಷ್ಯ ಕೆಟ್ಟವನಲ್ಲ, ಮೇಲಿನವರ ಹೆದರಿಕೆ.

ಶರೀಫಾ ಓದುವ ರೀತಿಯೇ ಬದಲಾಯಿತು. ದೋಣಿ ನಡೆಸುವವರು ಹುಟ್ಟು ಹಾಕಿದ ಹಾಗೆ ಒಂದೇ ಸಮನೆ ಓದುತ್ತಾ ಹೋಗುವಳು. ಹೆಣ ಬಿದ್ದರೂ ನಿಲ್ಲಿಸದೆ, ಬಾಗಿಲು ತೆರೆದರೂ ನಿಲ್ಲಿಸದೆ. ನಿಲ್ಲಿಸಲೇಬೇಕಾದರೆ ನಾವು ಕಟ್ಟುಗಳಿಗೆ ನೂಲು ಸುತ್ತುವ ಹೊತ್ತಿಗೆ ಮಾತ್ರ, ಏಕೆಂದರೆ ಆಗ ಬೆರಳು ಬಿಗಿಯಾದರೂ ನಷ್ಟವಿಲ್ಲ. ಮೊದಲ ದಿನ ಅಪ್ಪಿಗೆ ಸಪ್ಪೆಯೆನಿಸಿತು. "ಉಪ್ಪಿಲ್ಲದ ಸಾರಿನ ಹಾಗೆ ಉಂಟು" ಎಂದು ಗೊಣಗಿದಳು. ಎರಡು ದಿನ ಕಳೆದ ಮೇಲೆ ಅವಳೂ ಗೊಣಗಲಿಲ್ಲ. ನಿಲ್ಲದೆ ಹೋಗುವ ಕತೆಯ ಜೊತೆ ಕೈಯೂ ನಿಲ್ಲದೆ ಹೋಗುತ್ತಿತ್ತು. ವಾರದ ಮೊದಲ ದಿನಗಳಲ್ಲಿ ದೇವದಾಸ ಅದುಮಿ ನೋಡಿ ಏನೂ ಹೇಳದೆ ತೆಗೆದುಕೊಂಡ.

ವಾರದ ಕೊನೆಯ ದಿನ ಪುತ್ತುಬ್ಬ ಬಂದ. ಕಾರ್ಕಳಕ್ಕೆ ಬಂದು, ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ, ಬಿಳಿ ಅಂಗಿಯೆಲ್ಲ ಧೂಳು ಮಾಡಿಕೊಂಡು ಬಂದಿದ್ದ. ತಂಗಿಯ ಮನೆಗೆ ಬೀಗ ಕಂಡು ನೇರ ನನ್ನ ಜಗಲಿಗೇ ಬಂದು ಮೆಟ್ಟಿಲಲ್ಲಿ ನಿಂತ. ಆ ಹೊತ್ತಿಗೆ ಪುಸ್ತಕದಲ್ಲಿ ಪತ್ತೇದಾರ ಕತ್ತಲ ಕೋಣೆಯಲ್ಲಿ ಅಡಗಿದ್ದ, ಹೊರಗೆ ಹೆಜ್ಜೆಯ ಸದ್ದು ಹತ್ತಿರವಾಗುತ್ತಿತ್ತು. ನಮ್ಮೆಲ್ಲರ ಬೆರಳುಗಳಲ್ಲಿ ಅರ್ಧ ಸುರುಳಿದ ಬೀಡಿ.

ತಾಯಿಯ ಅಣ್ಣ ಬಂದು ನಿಂತಾಗ ಹುಡುಗಿ ಎದ್ದು, ತಲೆಯ ಬಟ್ಟೆ ಸರಿಮಾಡಿ, ಸಲಾಂ ಹೇಳಬೇಕು. ಶರೀಫಾ ಅವನನ್ನು ನೋಡಿದಳು. ಒಂದು ಕೈಯಿಂದ ತಲೆಯ ಬಟ್ಟೆ ಎಳೆದುಕೊಂಡಳು, ಆದರೆ ಓದು ನಿಲ್ಲಿಸಲಿಲ್ಲ. ಆಮಿನಮ್ಮ ಬೆಂಕಿಯ ಮೇಲೆ ಕೂತವಳ ಹಾಗಾದಳು.

"ಏಳು" ಎಂದು ಮೆಲ್ಲನೆ ಗದರಿಸಿದಳು. "ಮಾಮ ಬಂದಿದ್ದಾರೆ, ಕಾಣುವುದಿಲ್ವಾ?"

ಶರೀಫಾ ಏಳಲಿಲ್ಲ. ಅವಳ ಸ್ವರ ತುಂಡಾಗಲಿಲ್ಲ. ಹೆಜ್ಜೆ ಬಾಗಿಲ ಹತ್ತಿರ ಬಂತು, ಬಾಗಿಲು ತೆರೆಯಿತು, ದೀಪ ಹತ್ತಿತು, ಕಾಫಿ ತಂದುಕೊಡುತ್ತಿದ್ದ ಒಳ್ಳೆಯ ಮ್ಯಾನೇಜರನೇ ಕೈಯಲ್ಲಿ ಹಗ್ಗ ಹಿಡಿದು ನಿಂತಿದ್ದ. ಪುತ್ತುಬ್ಬ ಮುಖ ಗಂಟು ಹಾಕಿಕೊಂಡು ಮೆಟ್ಟಿಲ ಮೇಲೇ ನಿಂತಿದ್ದ. ನಾನು ದೇವರನ್ನು ನೆನೆದೆ. ಅಧ್ಯಾಯ ಮುಗಿದು, ನಮ್ಮ ಕೈಯಲ್ಲಿದ್ದ ಕೊನೆಯ ಬೀಡಿಗಳ ಬಾಯಿ ಮಡಚಿ ಆದ ಮೇಲೇ ಅವಳು ಪುಸ್ತಕ ಮುಚ್ಚಿ ಎದ್ದಳು.

"ಅಸ್ಸಲಾಮು ಅಲೈಕುಂ ಮಾಮ. ತಪ್ಪು ತಿಳಿಯಬೇಡಿ. ನಾನು ನಡುವೆ ನಿಲ್ಲಿಸಿದ್ದರೆ ಇವರ ಬೀಡಿಯೆಲ್ಲ ಹಾಳಾಗುತ್ತಿತ್ತು. ಇದು ಕೆಲಸದ ಹೊತ್ತು."

ಸಲಾಮಿಗೆ ಮರುಸಲಾಂ ಹೇಳಿ ಅವನು ಜಗಲಿಯ ಅಂಚಿನಲ್ಲಿ ಕೂತ. ನಾನು ಬೆಲ್ಲ ನೀರು ಕೊಟ್ಟೆ. ಅಷ್ಟರಲ್ಲಿ ಕಟ್ಟು ಕಟ್ಟಿ ಮುಗಿದಿತ್ತು. ಎಂದಿನಂತೆ ಅಪ್ಪಿ ಒಂದು ಕಟ್ಟು ತೆಗೆದು ಶರೀಫಾಳ ಮಡಿಲಿಗೆ ಹಾಕಿದಳು, ನಾನೂ ಹಾಕಿದೆ, ಉಳಿದವರೂ ಹಾಕಿದರು.

"ಇದು ಎಂತ?" ಎಂದು ಕೇಳಿದ ಪುತ್ತುಬ್ಬ.

ಆಮಿನಮ್ಮ ತಲೆ ತಗ್ಗಿಸಿದಳು. ಅಪ್ಪಿ ತಗ್ಗಿಸುವವಳಲ್ಲ. "ಅವಳ ಕೂಲಿ ಬ್ಯಾರಿಗಳೇ. ನಿಮ್ಮ ಅಂಗಡಿಯಲ್ಲಿ ಕೆಲಸದವರಿಗೆ ಕೊಡುವುದಿಲ್ವಾ?"

ನನ್ನ ಜೊತೆ ಅವನೂ ಬ್ರಾಂಚಿಗೆ ಬಂದ. ದೇವದಾಸ ಪ್ರತಿ ಕಟ್ಟನ್ನೂ ಎತ್ತಿ ಅದುಮಿದ, ಕೆಲವನ್ನು ಬಿಚ್ಚಿಯೂ ನೋಡಿದ. ಬಾಗಿಲು ತೆರೆದಾಗಿನ ಬೀಡಿ, ಹಗ್ಗ ಕಂಡಾಗಿನ ಬೀಡಿ, ಎಲ್ಲವೂ ಅದರಲ್ಲಿದ್ದವು. ಒಂದನ್ನೂ ಬೇರೆ ತೆಗೆಯದೆ ಬುಟ್ಟಿಗೆ ಹಾಕಿದ.

"ಓದು ಬಿಟ್ಟಿರಾ ಹಾಗಾದರೆ?" ಎಂದ.

"ಓದು ಬಿಡಲಿಲ್ಲ. ನಿಲ್ಲಿಸುವುದನ್ನು ಬಿಟ್ಟಳು" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಮರುದಿನದ ಎಲೆ ತೂಗಿ ಕೊಟ್ಟ.

ಪುತ್ತುಬ್ಬನಿಗೆ ಅರ್ಥವಾಗಿತ್ತೆಂದು ಕಾಣುತ್ತದೆ. ತಂಗಿಯ ಮನೆಯಲ್ಲಿ ಮೀನು ಊಟ ಮಾಡಿ, "ಕೆಲಸ ಇರುವ ಹುಡುಗಿಯನ್ನು ಎಬ್ಬಿಸಿಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ ಆಮಿನಾ" ಎಂದು ಹೇಳಿ ಕೊನೆಯ ಬಸ್ಸಿಗೆ ಒಬ್ಬನೇ ಹೋದನಂತೆ. ಇದನ್ನು ಶರೀಫಾ ಬೆಳಿಗ್ಗೆ ಓಡಿಬಂದು ಹೇಳಿದಳು. ನಾನು ಅವಳ ಕೆನ್ನೆ ಹಿಡಿದು ಮುದ್ದಿಟ್ಟೆ. ಅಷ್ಟು ಸಂತೋಷ ನನಗೆ ಗಂಡನ ಹಡಗು ಬಂದಾಗಲೂ ಆದದ್ದಿಲ್ಲ, ಈಗ ಹೇಳಿದರೆ ತೊಂದರೆಯೂ ಇಲ್ಲ.

ಆಮಿನಮ್ಮ ಮಾತ್ರ ಮುಖ ಬಿಡಿಸಲಿಲ್ಲ. ಅಣ್ಣ ಬಂದು ನಿಂತರೂ ಅಧ್ಯಾಯ ಮುಗಿಯುವವರೆಗೆ ಏಳದ ಮಗಳು ಎಂಬ ನೋವು ಅವಳಿಗೆ.

ಕೆಲವು ವಾರ ಕಳೆದ ಮೇಲೆ ಪಡುಬಿದ್ರಿ ಬಸ್ಸಿನ ಕಂಡಕ್ಟರು ಒಂದು ಗೋಣಿಚೀಲ ಇಳಿಸಿ, ಬಜಗೋಳಿಯ ಅಂಗಡಿಯವರು ಶರೀಫಾ ಎಂಬವರಿಗೆ ಕಳಿಸಿದ್ದು ಎಂದ. ಒಳಗೆ ಹಳೆ ಕಾದಂಬರಿಗಳು. ಸಾಮಾನು ಕಟ್ಟಲು ತೂಕಕ್ಕೆ ಕೊಂಡ ರದ್ದಿಯಿಂದ ಪುತ್ತುಬ್ಬ ಆರಿಸಿ ತೆಗೆದಿದ್ದ. ಮೆಣಸಿನ ಘಾಟಿಗೆ ಚೀಲ ಬಿಚ್ಚಿದವರೆಲ್ಲ ಸೀನಿದೆವು. "ಕೆಲವಕ್ಕೆ ಕೊನೆಯ ಪುಟ ಇಲ್ಲ, ನಾನು ನೋಡುವ ಮೊದಲೇ ಕೊತ್ತಂಬರಿ ಕಟ್ಟಿ ಆಗಿತ್ತು. ಕೊನೆಯದ್ದನ್ನು ಅವಳೇ ನೋಡಿಕೊಳ್ಳಲಿ" ಎಂದು ಹೇಳಿಕಳಿಸಿದ್ದ.

ಮೊದಲು ಕೈಗೆತ್ತಿಕೊಂಡದ್ದೇ ಅಂಥ ಪುಸ್ತಕ. ಎಸ್ಟೇಟು, ಜಮೀನ್ದಾರ, ಮೂವರು ಅಳಿಯಂದಿರು, ಕಳೆದುಹೋದ ಹಾರ. ಹಲವು ಮಧ್ಯಾಹ್ನ ಓದಿ ಓದಿ, ಪತ್ತೇದಾರ ಎಲ್ಲರನ್ನೂ ಹಜಾರಕ್ಕೆ ಕರೆದು ಸಿಗರೇಟು ಹಚ್ಚಿದಲ್ಲಿಗೆ ಪುಟ ಮುಗಿಯಿತು. ನನಗೆ ಕಂಡಿತು, ಪುಸ್ತಕದಲ್ಲಿ ಇನ್ನು ಹಾಳೆಯಿಲ್ಲ. ಶರೀಫಾ ನಿಲ್ಲಿಸಲಿಲ್ಲ. ಅದೇ ಸ್ವರದಲ್ಲಿ, ಅದೇ ವೇಗದಲ್ಲಿ ಹೇಳುತ್ತಾ ಹೋದಳು. ಹಾರ ಕದ್ದವರು ಅಳಿಯಂದಿರಲ್ಲ. ಜಮೀನ್ದಾರನ ಹೆಂಡತಿಯೇ. ಇಪ್ಪತ್ತು ವರ್ಷ ಆ ಮನೆಯಲ್ಲಿ ದುಡಿದದ್ದಕ್ಕೆ ಯಾರೂ ಅವಳಿಗೆ ಒಂದು ಬಳೆಯನ್ನೂ ಕೊಟ್ಟಿರಲಿಲ್ಲ, ಕೊಡಬೇಕೆಂದು ಯಾರಿಗೂ ತೋರಿಯೂ ಇರಲಿಲ್ಲ. ಪತ್ತೇದಾರ ಸಿಗರೇಟು ಆರಿಸಿ, ಹಾರ ಅವಳದ್ದೇ ಎಂದು ಹೇಳಿ, ಮೊದಲ ಬಾರಿಗೆ ಪೂರ್ತಿ ಊಟ ಮಾಡಿ ಹೊರಟುಹೋದ.

ಕಟ್ಟುಗಳಿಗೆ ನೂಲು ಸುತ್ತಿದೆವು.

"ಇದು ಪುಸ್ತಕದಲ್ಲಿ ಇದ್ದದ್ದಾ?" ಎಂದು ಕೇಳಿದವಳು ಆಮಿನಮ್ಮ. ಇಷ್ಟು ಕಾಲದಲ್ಲಿ ಕತೆಯ ವಿಷಯ ಅವಳು ಬಾಯಿ ತೆರೆದದ್ದು ಅದೇ ಮೊದಲು.

"ಇಲ್ಲ ಉಮ್ಮ. ನಾನು ಹೇಳಿದ್ದು."

ಅಪ್ಪಿ ತನ್ನ ಕಟ್ಟು ಹಾಕಿದಳು. ನಾನು ಹಾಕಿದೆ. ಆಮಿನಮ್ಮ ತನ್ನ ತಡ್ಪೆಯಲ್ಲಿ ಸ್ವಲ್ಪ ಹೊತ್ತು ಹುಡುಕಿದಳು, ಒಂದು ಕಟ್ಟನ್ನು ಎತ್ತಿ ಅದುಮಿ ನೋಡಿ ಕೆಳಗಿಟ್ಟಳು, ಇನ್ನೊಂದನ್ನು ನೋಡಿದಳು. ಆಮೇಲೆ ಎಲ್ಲಕ್ಕಿಂತ ಒಳ್ಳೆಯದನ್ನು ಆರಿಸಿ, ಎದ್ದು ಹೋಗಿ, ಮಗಳ ಮಡಿಲಿಗೆ ಹಾಕಿದಳು.